ಶೇಂಗಾ ಯಾರ ಪೈಕಿ?

ಗಿಡದ ಪಾಠ ಹೇಳುವವರ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ನಮ್ಮ ಕಡೆ ಬಂದು ಒಂದು ವರ್ಷ ಕಲಿಸಿ ನೋಡಬೇಕು. ರಸಾಯನಶಾಸ್ತ್ರದವರ ಕೈಯಲ್ಲಿ ಗಾಜು ಒಡೆಯುತ್ತದೆ, ಇತಿಹಾಸದವರ ಮೇಲೆ ಜನ ಸಿಟ್ಟಾಗುತ್ತಾರೆ, ಗಣಿತದವರನ್ನು ಕಂಡರೆ ಹುಡುಗರು ಓಣಿಯನ್ನೇ ಬದಲಿಸುತ್ತಾರೆ. ಸಸ್ಯಶಾಸ್ತ್ರದಿಂದ ಯಾರಿಗೇನು ತೊಂದರೆ ಎಂದು ನೌಕರಿಯ ಮೊದಲಲ್ಲಿ ನಾನೂ ನಿಶ್ಚಿಂತಳಾಗಿದ್ದೆ. ಆದರೆ ನನ್ನ ಪಾಲಿಗೆ ಬಂದ ಗದ್ದಲ ಯಾವ ಗಣಿತದ ಮಾಸ್ತರರ ಪಾಲಿಗೂ ಬಂದಿರಲಿಕ್ಕಿಲ್ಲ.

ಗಡಿಯಾಚೆ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಸೊರಡಿ ಕಡೆಯ ಒಂದು ಕನ್ನಡ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಈಗ ನಿವೃತ್ತಳಾಗಿದ್ದೇನೆ. ಹಿಂದಿರುಗಿ ನೋಡಿದರೆ ಗದ್ದಲವೆಲ್ಲ ಒಂದೇ ಗುಂಪಿನ ಗಿಡಗಳಿಂದ ಆದದ್ದು. ಅದು ಬೇಳೆಕಾಳಿನ ಕುಲ. ತೊಗರಿ, ಕಡಲೆ, ಮಡಕಿ, ಹುರುಳಿ, ಮೆಂತ್ಯ ಎಲ್ಲವೂ ಅದರಲ್ಲೇ ಬರುತ್ತವೆ. ಹುಣಸೆ, ಜಾಲಿ, ಬನ್ನಿ ಕೂಡ ಅದೇ ಕುಲದವು ಎಂದರೆ ಹುಡುಗರು ನಂಬುತ್ತಿರಲಿಲ್ಲ. ಒಂದೇ ಕೋಣೆಯ ಕಾಯಿ, ಅದರಲ್ಲಿ ಸಾಲಾಗಿ ಬೀಜ, ಬೀಜ ಒಡೆದರೆ ಎರಡು ಬೇಳೆ, ಬಹಳಷ್ಟು ಗಿಡಗಳ ಬೇರಿನಲ್ಲಿ ಸಣ್ಣ ಗಂಟು: ಇವು ಅದರ ಗುರುತು. ತೊಗರಿಯಂಥವುಗಳ ಹೂವು ಪಾತರಗಿತ್ತಿಯಂತೆ ಇರುತ್ತದೆ. ಇಷ್ಟು ಸಾಧು ಪಾಠದಿಂದ ನಮ್ಮ ಓಣಿಯ ಒಲೆಗಳು ಕೆಟ್ಟವು, ಒಬ್ಬ ಹುಡುಗಿಯ ಮುಂದಿನ ಓದು ನಿಂತೇ ಹೋಗುವುದರಲ್ಲಿತ್ತು. ಈಗ ನೆನೆದರೆ ನಗು ಬರುತ್ತದೆ. ಆಗ ನನಗೆ ಊಟ ಸೇರುತ್ತಿರಲಿಲ್ಲ.

೧. ಕುರಿಗಳ ಪ್ರ್ಯಾಕ್ಟಿಕಲ್

ಮೊದಲು ಕುರಿಗಳ ವಿಷಯ ಹೇಳುತ್ತೇನೆ, ಯಾಕೆಂದರೆ ಆ ಅವಮಾನವನ್ನು ನಾನು ಇನ್ನೂ ಮರೆತಿಲ್ಲ.

ಒಂಬತ್ತನೆಯ ಇಯತ್ತೆಯವರಿಗೆ ಪ್ರ್ಯಾಕ್ಟಿಕಲ್ ಇತ್ತು. ಬೇಳೆಕಾಳಿನ ಕುಲದ ಗಿಡ ಒಂದು, ಕುಲದ ಹೊರಗಿನದು ಒಂದು, ಪ್ರತಿಯೊಬ್ಬರೂ ತರಬೇಕು ಎಂದು ಹೇಳಿದ್ದೆ. ಬೆಳಿಗ್ಗೆ ಬೇವಿನ ಗಿಡದ ಕಟ್ಟೆಯ ಮೇಲೆ ತೊಗರಿ, ಕಡಲೆ, ಅವರೆ, ಮೆಂತ್ಯ ಎಲ್ಲ ಬಂದು ಬಿದ್ದವು. ಹೊರಗಿನವು ಎಂದು ಉಮ್ಮತ್ತಿ ಮತ್ತು ಎಕ್ಕೆ ಬಂದವು. ಅರ್ಧ ಹುಡುಗರು ನುಗ್ಗೆಯ ಟೊಂಗೆ ತಂದು ಬೇಳೆಕಾಳಿನ ಗುಂಪಿಗೆ ಸೇರಿಸಿದ್ದರು.

"ನುಗ್ಗಿ ಯಾಕ ತಂದ್ಯೋ?" ಅಂದೆ.

"ಉದ್ದ ಕಾಯಿ ಐತ್ರಿ ಅಕ್ಕೋರ."

"ಉದ್ದ ಕಾಯಿ ಇದ್ದದ್ದೆಲ್ಲಾ ಈ ಕುಲಕ್ಕ ಸೇರಂಗಿಲ್ಲ. ಹೂವು ನೋಡಬೇಕು, ಹೂವು!" ಎಂದು ಒಂದು ಸುತ್ತು ಬೈದೆ. ನಾನು ಮಾತ್ರ ನಡುವೆ ಒಂದು ತಂಗಡಿಯ ಟೊಂಗೆ ಸಿಕ್ಕಿಸಿ ಇಟ್ಟಿದ್ದೆ. ಅದರ ಹಳದಿ ಹೂವು ಪಾತರಗಿತ್ತಿಯಂತೆ ಇರುವುದಿಲ್ಲ, ಆದರೂ ಅದು ಇದೇ ಕುಲದ್ದು. ಜಾಣರನ್ನು ಸೋಸಿ ತೆಗೆಯಲು ನಾನು ಹೂಡಿದ ಉಪಾಯ ಅದು. ಆ ಉಪಾಯದ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಮಕ್ಕಳನ್ನು ಪ್ರಾರ್ಥನೆಗೆ ನಿಲ್ಲಿಸಿ ಬರುವುದರೊಳಗೆ ಬೆಳುಂಕಿ ಕಡೆಯ ಕುರಿ ಕಾಯುವ ಒಬ್ಬ ಕಾಕಾನ ಹಿಂಡು ಶಾಲೆಯ ಮುಂದೆ ಹಾದು ಹೋಗುತ್ತಿತ್ತು. ನಮ್ಮ ಗೇಟಿಗೆ ಕಂಬ ಇದ್ದವು, ಬಾಗಿಲು ಇರಲಿಲ್ಲ. ನಾನು ತಿರುಗಿ ಬಂದಾಗ ಕಟ್ಟೆಯ ಮೇಲೆ ಪರೀಕ್ಷೆ ಮುಗಿದಿತ್ತು. ತೊಗರಿ, ಕಡಲೆ, ಅವರೆ, ಮೆಂತ್ಯ ಯಾವುದರ ಎಲೆಯೂ ಉಳಿದಿರಲಿಲ್ಲ. ನುಗ್ಗೆಯೂ ಹೋಗಿತ್ತು. ಉಮ್ಮತ್ತಿ, ಎಕ್ಕೆ, ತಂಗಡಿ ಮೂರು ಮಾತ್ರ ಒಂದು ಕಡೆ ಬಿದ್ದಿದ್ದವು.

ನಾನು ಕೂಗಾಡಿದೆ. ಕಾಕಾ ಕೋಲಿನ ಮೇಲೆ ಗದ್ದ ಊರಿ ಎಲ್ಲವನ್ನೂ ಕೇಳಿಸಿಕೊಂಡ.

"ಅಕ್ಕೋರ, ಏನ್ ಪರೀಕ್ಷಾ ಇತ್ರಿ?"

"ಬ್ಯಾಳಿಕಾಳಿನ ಗಿಡ ಒಂದ ಕಡೆ ಮಾಡೂದು, ಉಳಿದದ್ದು ಒಂದ ಕಡೆ ಮಾಡೂದು!"

ಕಾಕಾ ಕಟ್ಟೆಯನ್ನು ನೋಡಿದ. "ಮಾಡ್ಯಾವಲ್ರಿ. ಎಷ್ಟ ತಪ್ಪಾಗ್ಯಾವ?"

ಸಿಟ್ಟಿನಲ್ಲೂ ಮಾಸ್ತರಿಕೆ ನನ್ನನ್ನು ಬಿಡಲಿಲ್ಲ. "ಎರಡು. ನುಗ್ಗಿ ತಿನ್ನಬಾರದಿತ್ತು, ತಂಗಡಿ ಬಿಡಬಾರದಿತ್ತು."

"ನಿಮ್ಮ ಹುಡುಗೂರ್ದು?"

ನಾನು ಬರಿ ಟೊಂಗೆಗಳನ್ನು ಆರಿಸತೊಡಗಿದೆ. ಕಾಕಾ ಕೋಲು ಎತ್ತಿ ಹಿಂಡನ್ನು ಹೊರಳಿಸಿದ. "ಪಾಸ್ ಅಂತ ಹೇಳ್ರಿ ಅಕ್ಕೋರ, ನಡಸ್ಕೊಂಡ ಹೋಗ್ತೀನಿ. ಪಾಪ, ಮುಂಜಾನಿಂದ ಅಭ್ಯಾಸ ಮಾಡ್ಯಾವು."

೨. ಬೇರೆಯಾದವನು

ಇನ್ನು ಆ ಹುಡುಗಿಯ ವಿಷಯ. ನಾನು ಬಾಡಿಗೆಗಿದ್ದ ಮನೆಯೊಡತಿಯ ಮೊಮ್ಮಗಳು ಅವಳು, ನನ್ನ ತರಗತಿಯಲ್ಲೇ ಇದ್ದಳು. ಶಾಲೆಯಲ್ಲಿ ಕೇಳಿದ್ದನ್ನು ಮನೆಯಲ್ಲಿ ಹೇಳುವುದು, ಮನೆಯಲ್ಲಿ ಕೇಳಿದ್ದನ್ನು ಶಾಲೆಯಲ್ಲಿ ಹೇಳುವುದು ಅವಳ ಚಟ. ಎರಡೂ ಕಡೆ ನನಗೇ ಬೈಗುಳ.

ಒಮ್ಮೆ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಮರಾಠಿಯವರು, ಶಿಕ್ಷಕಿಯರನ್ನು ಬಾಯಿ ಎಂದು ಕರೆಯುವವರು, ಆದರೆ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕುಳಿತು ನನ್ನ ಪಾಠ ನೋಡಿದರು. ನಾನು ತೊಗರಿ ಹೂವನ್ನು ಬಿಡಿಸಿ ಹಿಡಿದಿದ್ದೆ. ಮೇಲಿನ ದೊಡ್ಡ ದಳ ಬಾವುಟ, ಎರಡು ಬದಿಯವು ರೆಕ್ಕೆ, ಕೆಳಗಿನ ಎರಡು ಕೂಡಿ ದೋಣಿ. ದೋಣಿಯೊಳಗೆ ಹತ್ತು ಕೇಸರ. ಅದರಲ್ಲಿ ಒಂಬತ್ತು ಬುಡದಲ್ಲಿ ಅಂಟಿಕೊಂಡಿರುತ್ತವೆ, ಒಂದು ಮಾತ್ರ ಬಿಡಿಯಾಗಿರುತ್ತದೆ.

ಸಾಹೇಬರು ಎದ್ದು ಬಂದು ಹುಡುಗಿಯನ್ನು ಕೇಳಿದರು: "ಹತ್ತರಾಗ ಒಂಬತ್ತು ಕೂಡಿ ಅದಾವು. ಒಂದ ಯಾಕ ಬ್ಯಾರೆ ಐತಿ?"

ಕೀಟ ಒಳಗೆ ಬಾಯಿ ಹಾಕಲು ಸಂದು ಬೇಕು ಎಂದು ನಾನು ಹಿಂದಿನ ದಿನವೇ ಹೇಳಿಕೊಟ್ಟಿದ್ದೆ. ಹುಡುಗಿ ಎದ್ದು ನಿಂತಳು. ಅವಳ ಮನೆಯಲ್ಲಿ ಆ ವಾರವೇ ಸಣ್ಣ ಕಾಕಾ ಒಲೆ ಬೇರೆ ಹೂಡಿದ್ದ. ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

"ಲಗ್ನ ಆಗಿರಬೇಕ್ರಿ," ಅಂದಳು.

ತರಗತಿ ಹೋ ಎಂದಿತು. ಸಾಹೇಬರು ನಗಲಿಲ್ಲ. ಆ ಬಿಡಿ ಕೇಸರವನ್ನು ಬಹಳ ಹೊತ್ತು ನೋಡಿ, ಮೆಲ್ಲಗೆ ನನ್ನ ಕಡೆ ಬಾಗಿ ಕೇಳಿದರು: "ಬಾಯಿ, ಬ್ಯಾರೆ ಆದಾಂವಗ ಹೂವಿನಾಗ ಪಾಲು ಸಿಗತೈತೇನು?"

೩. ಶ್ರಾವಣ ಸೋಮವಾರ

ಮನೆಯೊಡತಿಯನ್ನು ಮೊಮ್ಮಗಳ ಹಾಗೆ ನಾನೂ ಆಯಿ ಎಂದೇ ಕರೆಯುತ್ತಿದ್ದೆ. ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮಾತಿಗೆ ಉಪ್ಪು ಖಾರ ಎರಡೂ ಹೆಚ್ಚು. ಮಗ, ಅಂದರೆ ಹುಡುಗಿಯ ಅಪ್ಪ, ದಾಳಿಂಬೆ ಸಾಗಿಸುವ ಗಾಡಿ ಓಡಿಸುತ್ತಿದ್ದ. ಮನೆಯ ಯಾವ ಮಾತಿಗೂ ಅವನದು ಒಂದೇ ಉತ್ತರ: "ಅವ್ವ ಹೂಂ ಅಂದ್ರ ಹೂಂ."

ಹುಡುಗಿ ಹತ್ತನೆಯ ಇಯತ್ತೆಗೆ ಬಂದಿದ್ದಳು. ಮುಂದೆ ಜತ್ತದಲ್ಲಿ ಸೈನ್ಸ್ ಓದಬೇಕು, ಗಿಡಗಳ ಅಭ್ಯಾಸವನ್ನೇ ಮಾಡಬೇಕು ಎಂದು ಅವಳ ಹಟ. ನನಗೂ ಅದೇ ಆಸೆ. ನನ್ನ ನೌಕರಿಯಲ್ಲಿ ಹೂವನ್ನು ಹಾಗೆ ಕಣ್ಣರಳಿಸಿ ನೋಡಿದ ಇನ್ನೊಂದು ಮಗುವನ್ನು ನಾನು ಕಂಡಿಲ್ಲ. ಆಯಿ ಹೂಂ ಅನ್ನುವುದೊಂದು ಬಾಕಿ ಇತ್ತು. ಅನ್ನುವ ಹಾಗೂ ಇದ್ದಳು, ಶ್ರಾವಣ ಬರುವವರೆಗೆ.

ನಮ್ಮ ಕಡೆ ಉಪವಾಸವೆಂದರೆ ಬರಿ ಹೊಟ್ಟೆಯಲ್ಲಿರುವುದಲ್ಲ. ಅದಕ್ಕೆ ಫರಾಳ ಎಂಬ ಬೇರೆಯೇ ಅಡುಗೆ ಇದೆ. ಜೋಳ, ಗೋಧಿ, ಬೇಳೆ, ಕಾಳು ಯಾವುದೂ ಮುಟ್ಟಬಾರದು. ಸಾಬೂದಾಣಿ ನಡೆಯುತ್ತದೆ, ಗೆಣಸು ನಡೆಯುತ್ತದೆ, ಬಟಾಟೆ ನಡೆಯುತ್ತದೆ. ಎಲ್ಲದಕ್ಕಿಂತ ಹೆಚ್ಚು ನಡೆಯುವುದು ಶೇಂಗಾ. ಸಾಬೂದಾಣಿ ಖಿಚಡಿಗೆ ಶೇಂಗಾ ಪುಡಿ, ಮೇಲೆ ಶೇಂಗಾ ಉಂಡೆ, ಸಂಜೆ ಹುರಿದ ಶೇಂಗಾ ಮತ್ತು ಬೆಲ್ಲ. ಉಪವಾಸದ ದಿನ ನಾನು ಎರಡು ತುತ್ತು ಹೆಚ್ಚೇ ತಿನ್ನುತ್ತಿದ್ದೆ.

ಆ ಸೋಮವಾರ ಆಯಿ ಪಡಸಾಲೆಯಲ್ಲಿ ಕುಳಿತು ಖಿಚಡಿ ತಿನ್ನುತ್ತಿದ್ದಳು. ಹುಡುಗಿ ಎದುರಿಗೆ ಬಂದು ಕುಳಿತು ಒಂದು ಶೇಂಗಾ ಬೀಜದ ಸಿಪ್ಪೆ ತೆಗೆದು ಎರಡಾಗಿ ಬಿಡಿಸಿದಳು.

"ಆಯಿ, ಇದೇನು?"

"ಶೇಂಗಾ."

"ಎರಡ ಆತಲ್ಲ, ಈಗೇನು?"

"ಬ್ಯಾ..." ಅಂದು ಆಯಿ ಅಲ್ಲಿಗೇ ನಿಲ್ಲಿಸಿದಳು.

"ಬ್ಯಾಳಿ! ಅಕ್ಕೋರು ಹೇಳ್ಯಾರ. ಶೇಂಗಾ ತೊಗರಿ ತಂಗಿ, ಕಡ್ಲಿ ಅಕ್ಕ. ಹಳದಿ ಹೂವು, ಬಾವುಟ, ರೆಕ್ಕಿ, ದೋಣಿ, ಎಲ್ಲಾ ಐತಿ. ಬೇರಿನಾಗ ಗಂಟೂ ಐತಿ. ಪಕ್ಕಾ ಕಾಳು ಆಯಿ!"

ಆಯಿಯ ಬಾಯಲ್ಲಿ ತುತ್ತು ಇತ್ತು. ನುಂಗಿದರೆ ಉಪವಾಸ ಕೆಡುತ್ತದೆ, ಉಗುಳಿದರೆ ಫರಾಳಕ್ಕೆ ಅವಮಾನ. ಗಲ್ಲ ಉಬ್ಬಿಸಿಕೊಂಡೇ ತಾಟು ಹಿಡಿದು ನನ್ನ ಕೋಣೆಯ ಬಾಗಿಲಿಗೆ ಬಂದಳು. ಕೈಯಿಂದ ತಾಟು ತೋರಿಸಿದಳು, ಹುಬ್ಬಿನಿಂದ ಪ್ರಶ್ನೆ ಕೇಳಿದಳು.

ಸುಳ್ಳು ಹೇಳಬಹುದಿತ್ತು. ಆದರೆ ಹುಡುಗಿ ಹಿಂದೆಯೇ ನಿಂತಿದ್ದಳು. "ಹೌದ್ರಿ ಆಯಿ. ಅದು ಬ್ಯಾಳಿಕಾಳಿನ ಕುಲದ್ದು," ಅಂದೆ.

ಆಯಿ ಅಂಗಳಕ್ಕೆ ಹೋಗಿ ಬಾಯಿ ಬರಿದು ಮಾಡಿಕೊಂಡು ಬಂದಳು. ತಂಬಿಗೆ ತುಂಬ ನೀರು ಕುಡಿದಳು.

"ಅಕ್ಕೋರ, ನಮ್ಮ ಅತ್ತಿ ಇದನ್ನ ತಿಂದು ಉಪಾಸ ಮಾಡ್ಯಾಳ. ಆಕಿ ಅತ್ತಿ ಮಾಡ್ಯಾಳ. ಅವ್ರೆಲ್ಲಾ ಕೈಲಾಸಕ್ಕ ಹೋಗಿ ಕುಂತಾರ. ಈಗ ಅವ್ರನ್ನ ಹೊಳ್ಳಿ ಕಳಸ್ತಾರೇನ್ರಿ?"

ಆಯಿ ಮೊಮ್ಮಗಳ ಕಡೆ ತಿರುಗಿದಳು. "ಇಷ್ಟ ಕಲತು ನನ್ನ ಜನ್ಮದ ಉಪಾಸ ಕೆಡಿಸಿದಿ. ಕಾಲೇಜಿಗೆ ಹ್ವಾದ್ರ ಏನೇನ ಕೆಡಸ್ತಿಯೋ! ಸಾಯನ್ಸೂ ಬ್ಯಾಡ, ಜತ್ತಾನೂ ಬ್ಯಾಡ. ಹತ್ತನೇತ್ತ ಮುಗಿಸಿ ಮನ್ಯಾಗ ಇರು."

ಮಗ ಗಾಡಿ ನಿಲ್ಲಿಸಿ ಒಳಗೆ ಬಂದ. ಸಂಗತಿ ಕೇಳಿದ. ತಲೆ ಕೆರೆದುಕೊಂಡು ಅಂದ: "ಅವ್ವ ಬ್ಯಾಡ ಅಂದ್ರ ಬ್ಯಾಡ. ಆದ್ರ ಅಕ್ಕೋರ, ಮುಂಜಾನಿ ನಾನೂ ಎರಡ ತಾಟ ತಿಂದೀನಿ. ಹೆಂಗೂ ಕೆಟ್ಟೈತಿ, ಈಗ ರೊಟ್ಟಿ ಉಂಡ್ರ ನಡೀತೈತೇನ್ರಿ?"

೪. ಅಂಗಡಿಯವರ ತಕರಾರು

ಒಂದು ವಾರದಲ್ಲಿ ಸುದ್ದಿ ಓಣಿ ದಾಟಿತು. ಆಯಿ ಶೇಂಗಾ ಬಿಟ್ಟಳೆಂದರೆ ಉಳಿದವರು ತಿನ್ನುವುದು ಹೇಗೆ? ಮುಂದಿನ ಸೋಮವಾರ ಎಲ್ಲ ಮನೆಗಳಲ್ಲೂ ಶೇಂಗಾ ಇಲ್ಲದ ಖಿಚಡಿ ಆಯಿತು. ಆ ಪದಾರ್ಥವನ್ನು ತಿಂದವರಿಗೇ ಗೊತ್ತು. ಪಾತ್ರೆಯಿಂದ ಸೌಟು ಬರುವುದಿಲ್ಲ, ಸೌಟಿನಿಂದ ಖಿಚಡಿ ಬರುವುದಿಲ್ಲ. ನನ್ನನ್ನು ಕಂಡರೆ ಹೆಂಗಸರು ಸೆರಗು ಸರಿಮಾಡಿಕೊಂಡು ಒಳಗೆ ಹೋಗತೊಡಗಿದರು. ಒಬ್ಬಾಕೆ ಮಾತ್ರ ನಿಂತು, "ಅಕ್ಕೋರ, ಗೆಣಸಿನ ಪಾಠ ಯಾವಾಗ ಐತ್ರಿ? ಮೊದ್ಲ ಹೇಳ್ರಿ, ಅಷ್ಟರಾಗ ತಿಂದ ಮುಗಸ್ತೀವಿ," ಅಂದಳು.

ಶಾಲೆಯ ಹತ್ತಿರದ ಕಿರಾಣಿ ಅಂಗಡಿಯವರು ಊರಿನ ಹಳೆಯ ವ್ಯಾಪಾರಸ್ಥರು. ಶಾಂತ ಮನುಷ್ಯ, ಯಾರಿಗೂ ಏರು ದನಿಯಲ್ಲಿ ಮಾತಾಡಿದವರಲ್ಲ. ಅವರು ಒಂದು ಮಧ್ಯಾಹ್ನ ಟೊಪ್ಪಿಗೆ ಕೈಯಲ್ಲಿ ಹಿಡಿದು ಸ್ಟಾಫ್ ರೂಮಿಗೆ ಬಂದರು. ಕುಂದ್ರಿ ಅಂದರೂ ಕೂಡಲಿಲ್ಲ.

"ಅಕ್ಕೋರ, ಶ್ರಾವಣಕ್ಕಂತ ಶೇಂಗಾ ತರಿಸಿಟ್ಟೀನ್ರಿ. ಚೀಲ ಬಿಚ್ಚಿಲ್ಲ."

"ಅಣ್ಣಾರ, ನಾ ಏನ್ ಮಾಡ್ಲ್ರಿ? ಪುಸ್ತಕದಾಗ ಐತಿ."

"ಪುಸ್ತಕ ಸುಳ್ಳಂತ ಅನ್ನಂಗಿಲ್ರಿ. ಆದ್ರ ಆ ಪಾಠ ಕಾರ್ತಿಕದಾಗ ಹೇಳಬಹುದಿತ್ತಲ್ರಿ?" ಅಂದರು. ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬಂದು ದನಿ ತಗ್ಗಿಸಿದರು. "ಇನ್ನೊಂದು ವಿನಂತಿ. ಸಾಬೂದಾಣಿ ಯಾವ ಗಿಡದ್ದು ಅಂತ ಹುಡುಗೂರು ಕೇಳಿದ್ರ, ಗೊತ್ತಿಲ್ಲ ಅಂದ್ಬಿಡ್ರಿ."

೫. ತವರಿನ ಹೆರಿಗೆ

ಹುಡುಗಿ ಅಳಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ಶಾಲೆಯಿಂದ ಬಂದವಳು ಆಯಿಯ ಜೊತೆ ಹಿಟ್ಟು ನಾದುತ್ತಿದ್ದಳು, ಕಸ ಹೊಡೆಯುತ್ತಿದ್ದಳು, ಗಿಡದ ಮಾತು ಎತ್ತುತ್ತಿರಲಿಲ್ಲ. ಆ ಮನೆಗೆ ಅಷ್ಟು ಮೌನ ಒಗ್ಗುತ್ತಿರಲಿಲ್ಲ. ಏನಾದರೂ ಮಾಡಬೇಕೆಂದು ತಲೆ ಓಡಿಸಿ ನಾನೊಂದು ಸಂದು ಹುಡುಕಿದೆ.

ಗೆಣಸು, ಬಟಾಟೆ ಉಪವಾಸಕ್ಕೆ ನಡೆಯುವುದು ಅವು ನೆಲದೊಳಗೆ ಆಗುವುದರಿಂದ ಎಂದು ಆಯಿಯೇ ಒಮ್ಮೆ ಹೇಳಿದ್ದಳು. ಶೇಂಗಾ ಕೂಡ ನೆಲದೊಳಗೇ ಆಗುತ್ತದಲ್ಲ! ಹುಡುಗಿಯನ್ನೂ ಆಯಿಯನ್ನೂ ಕರೆದುಕೊಂಡು ಅವರ ಹೊಲಕ್ಕೇ ಹೋದೆ. ಮಳೆ ಆಗಿತ್ತು, ಗಿಡಗಳು ಹಳದಿ ಹೂವು ಹೊತ್ತಿದ್ದವು. ಒಂದು ಗಿಡವನ್ನು ಮೆಲ್ಲಗೆ ಎತ್ತಿ ತೋರಿಸಿದೆ. ಹೂವು ಮೇಲೆ ಅರಳಿ ಬಾಡುತ್ತದೆ. ಆಮೇಲೆ ಅದರ ಬುಡದಿಂದ ಸೂಜಿಯಂಥ ಒಂದು ದಂಟು ಹೊರಟು ಕೆಳಗೆ ಬಾಗಿ ಮಣ್ಣನ್ನು ಹೊಗುತ್ತದೆ. ಕಾಯಿ ಕಟ್ಟುವುದು ಅಲ್ಲಿ, ಕತ್ತಲಲ್ಲಿ.

ಎಷ್ಟೋ ಶೇಂಗಾ ಕಿತ್ತ ಆಯಿ ಆ ದಂಟನ್ನು ಕಾಣದವಳಲ್ಲ. ಆದರೆ ಹೂವಿನಿಂದ ಮಣ್ಣಿನವರೆಗೆ ಅದರ ದಾರಿಯನ್ನು ಬೆರಳಿನಿಂದ ಸವರಿ ನೋಡಿದ್ದು ಅಂದೇ ಇರಬೇಕು. ಆಕೆಯ ಮುಖ ಮೆತ್ತಗಾಯಿತು.

"ಬಸರಾತು, ತವರಿಗೆ ಹೊಂಟಳು," ಅಂದಳು.

"ಹೌದು ಆಯಿ!" ಹುಡುಗಿ ಎಷ್ಟೋ ದಿನಗಳ ಮೇಲೆ ನಕ್ಕಳು. "ಮಣ್ಣ ತವರಮನಿ."

ಇದೇ ಹೊತ್ತು ಎಂದು ನಾನು ಬಾಯಿ ಹಾಕಿದೆ. "ಅದಕ್ಕ ಆಯಿ, ಹುಟ್ಟೂದು ಭೂಮಿ ಒಳಗ. ಗೆಣಸಿನಂಗ. ಗಡ್ಡಿ ಅಂತ ತಿಳಕೊಂಡು ತಿಂದ್ರ ಏನ ತಪ್ಪು?"

ಆಯಿ ಬದುವಿನ ಮೇಲೆ ಕುಳಿತಳು. ನಾನೂ ಹುಡುಗಿಯೂ ಆಕೆಯ ಬಾಯಿಯನ್ನೇ ನೋಡುತ್ತ ನಿಂತೆವು.

"ಅಕ್ಕೋರ, ನಮ್ಮ ಮಗ ಎಲ್ಲಿ ಹುಟ್ಯಾನ?"

"ಎಲ್ಲಿ?"

"ಅಸಂಗಿಯಾಗ, ನನ್ನ ತವರಮನ್ಯಾಗ. ಹಂಗಂತ ಅಂವ ಅಸಂಗಿ ಮಂದಿ ಪೈಕಿ ಆದನೇನು? ಹಡಿಯೂದ ತವರಿನಾಗ ಆದ್ರೂ ಕೂಸು ಗಂಡನ ಮನಿ ಪೈಕಿನ. ಶೇಂಗಾ ಮಣ್ಣಾಗ ಹುಟ್ಟಿದ್ರೇನು, ಮಣ್ಣಿನ ಮ್ಯಾಲ ಹುಟ್ಟಿದ್ರೇನು? ಕಾಳ ಪೈಕಿನ."

ನನ್ನ ಸಂದನ್ನು ಆಯಿ ತಾನೇ ಮುಚ್ಚಿಬಿಟ್ಟಳು. ಕೈ ಕೊಡವಿ ಎದ್ದು, ಕಿತ್ತ ಗಿಡವನ್ನು ತೋರಿಸಿ ನನ್ನನ್ನು ಬೈದಳು: "ಸುಮ್ನ ಎಬ್ಬಿಸಿದ್ರಲ್ಲ ಇದನ್ನ. ತುಂಬಿದ ಬಸರಿ ಇತ್ತು."

೬. ಜಾಲಿಯ ಬಂಗಾರ

ದಸರೆಗೆ ಇನ್ನೊಂದು ಆಯಿತು. ನಮ್ಮ ಗಡಿಯಲ್ಲಿ ಬಂಗಾರ ಹಂಚುವುದರಲ್ಲೂ ಎರಡು ಪಂಗಡ. ಕನ್ನಡದ ಮನೆಗಳಲ್ಲಿ ಬಂಗಾರವೆಂದು ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುತ್ತಾರೆ. ಮರಾಠಿ ಕಡೆ ಆಪಟಾ ಎಂಬ ಗಿಡದ ಎಲೆ ಕೊಡುತ್ತಾರೆ, ಅದು ನಡುವೆ ಸೀಳಿ ಎರಡು ಭಾಗ ಆದಂತೆ ಇರುತ್ತದೆ. ಆಯಿಯ ಸೊಸೆ, ಹುಡುಗಿಯ ತಾಯಿ, ಮಿರಜ ಕಡೆಯವಳು. ಯಾವುದು ಖರೆ ಬಂಗಾರ ಎಂದು ಅತ್ತೆ ಸೊಸೆಗೆ ಪ್ರತಿ ವರ್ಷ ಮಾತು ಬೆಳೆಯುತ್ತಿತ್ತು.

ಆ ವರ್ಷ ನಾನು ತರಗತಿಯಲ್ಲಿ ಜಗಳ ಬಗೆಹರಿಸಿದೆ. ಬನ್ನಿಯೂ ಬೇಳೆಕಾಳಿನ ಕುಲದ್ದೇ, ಆಪಟಾವೂ ಅದೇ ಕುಲದ್ದೇ, ಎರಡರ ಕಾಯಿ ನೋಡಿದರೆ ಗೊತ್ತಾಗುತ್ತದೆ, ಜಗಳವೇಕೆ ಎಂದೆ. ಆಯಿಯ ಕಿವಿಗೆ ಬಿದ್ದರೆ ನನ್ನ ಮೇಲಿನ ಸಿಟ್ಟು ಸ್ವಲ್ಪ ಇಳಿಯಬಹುದು, ಹುಡುಗಿಗೂ ಒಳ್ಳೆಯದಾಗಬಹುದು ಎಂಬ ಲೆಕ್ಕ ನನ್ನದು. ಆದರೆ ಕೇಳಿಸಿಕೊಂಡವರು ಬೇರೆ ಇದ್ದರು.

ದಸರೆಯ ಸಂಜೆ ಹೆಡ್ ಮಾಸ್ತರರ ಮನೆಗೆ ಬಂಗಾರ ಕೊಡಲು ಹುಡುಗರ ಗುಂಪು ಹೋಯಿತು. ಬನ್ನಿ ಗಿಡ ದೂರ, ಆಪಟಾ ಇನ್ನೂ ದೂರ. ಹುಡುಗರು ಶಾಲೆಯ ಹಿಂದೆ ಸಿಕ್ಕಿದ್ದನ್ನು ಮುರಿದುಕೊಂಡು ಹೋಗಿದ್ದರು. ಮಾಸ್ತರರು ಹೊಸ ಧೋತರ ಉಟ್ಟು, ಕಣ್ಣು ಮುಚ್ಚಿ, ಆಶೀರ್ವಾದಕ್ಕೆ ಕೈ ಚಾಚಿದರು. ಕೈಗೆ ಬಿದ್ದದ್ದು ಜಾಲಿ ಮುಳ್ಳಿನ ಟೊಂಗೆ. ಅವರು ಬಾಯಿ ಬಿಟ್ಟದ್ದು ಮೂರು ಮನೆಗೆ ಕೇಳಿಸಿತು.

"ಏನೋ ಇದು!"

"ಬನ್ನಿ ಸಿಗಲಿಲ್ರಿ ಸರ. ಅದರ ಕಾಕಾನ ಮಗನ್ನ ತಂದೀವ್ರಿ," ಅಂದ ಮುಂದಿನ ಹುಡುಗ.

ಮರುದಿನ ಮಾಸ್ತರರು ಕೈಗೆ ಪಟ್ಟಿ ಕಟ್ಟಿಕೊಂಡು ನನ್ನನ್ನು ಕರೆಸಿದರು. "ಬಾಯಿ, ಸಂಬಂಧ ಹೇಳಿಕೊಡೂ ಮುಂದ, ಯಾರ ಮನಿಗೆ ಹೋಗಬೇಕು, ಯಾರ ಮನಿಗೆ ಹೋಗಬಾರದು, ಅದನ್ನೂ ಹೇಳಿಕೊಡ್ರಿ."

೭. ಶೇಂಗಾದ ಕೇಸು

ಹತ್ತನೆಯ ಇಯತ್ತೆಯ ಫಲಿತಾಂಶ ಬಂತು. ಹುಡುಗಿ ಶಾಲೆಗೇ ಮೊದಲಿಗಳಾದಳು. ಆಯಿ ಸಕ್ಕರೆ ಹಂಚಿದಳು, ನನಗೂ ಕೊಟ್ಟಳು, ಆದರೆ ಮಾತು ಬದಲಿಸಲಿಲ್ಲ. ಜತ್ತದಲ್ಲಿ ಸೈನ್ಸಿಗೆ ಹೆಸರು ಹಚ್ಚುವ ಕೊನೆಯ ದಿನ ಮರುದಿನವೇ ಇತ್ತು. ನಾನು ಆಯಿಯ ಪಡಸಾಲೆಯಲ್ಲಿ ಹೋಗಿ ಕುಳಿತೆ. ಮಗ ಕಂಬಕ್ಕೆ ಒರಗಿ ನಿಂತಿದ್ದ. ಹುಡುಗಿ ಒಳಬಾಗಿಲಲ್ಲಿ ಇದ್ದಳು.

ಆಯಿಯೇ ಶುರು ಮಾಡಿದಳು. "ಅಕ್ಕೋರ, ಒಂದ ಮಾತ ಕೇಳ್ತೀನಿ. ಈ ಗಿಡದ ಕುಲ ಯಾರ ಮಾಡ್ಯಾರ? ದೇವರ ಮಾಡ್ಯಾನೇನು?"

"ಗಿಡ ದೇವರ ಮಾಡಿರಬಹುದ್ರಿ. ಕುಲ ಮಾಡಿದವ್ರು ಮನುಷ್ಯಾರ. ಕಲತವ್ರು."

"ಒಮ್ಮಿ ಮಾಡಿದ್ರ ಮುಗೀತೋ, ಬದಲಿ ಮಾಡ್ತಾರೋ?"

"ಮಾಡ್ತಾರ್ರಿ. ಮೊದ್ಲ ತೊಗರಿದು ಬ್ಯಾರೆ ಕುಲ, ಹುಣಸಿದು ಬ್ಯಾರೆ, ಜಾಲಿದು ಬ್ಯಾರೆ ಅಂತಿದ್ರು. ಆಮ್ಯಾಲ ಮೂರೂ ಕೂಡಿಸಿ ಒಂದ ಮಾಡ್ಯಾರ."

ಆಯಿ ನೆಟ್ಟಗೆ ಕುಳಿತಳು. "ಕೂಡಸಾಕ ಬರ್ತೈತಂದ್ರ, ಬ್ಯಾರೆ ಮಾಡಾಕೂ ಬರಬೇಕಲ್ಲ?"

"ಬರ್ತೈತ್ರಿ. ಆದ್ರ ಅದಕ್ಕ ಭಾಳ ಓದಿರಬೇಕು, ದೊಡ್ಡ ಪದವಿ ಇರಬೇಕು. ಅಂಥವ್ರ ಮಾತಷ್ಟ ಕೇಳ್ತಾರ."

ಆಯಿ ಮೊಮ್ಮಗಳನ್ನು ಕರೆದು ಎದುರಿಗೆ ಕೂರಿಸಿಕೊಂಡಳು. "ಕೇಳಿದಿಲ್ಲೋ? ನೀ ಕೆಡಸಿದ್ದನ್ನ ನೀನ ಸರಿ ಮಾಡಬೇಕು. ಹೋಗು, ಕಲಿ. ಆ ಕುಲ ಮಾಡೂ ಮಂದಿ ನಡುವ ಹೋಗಿ ಕುಂದ್ರು. ಶೇಂಗಾನ ಕಾಳಿನ ಕುಲದಿಂದ ಬ್ಯಾರೆ ಮಾಡಿಸಿ, ಆಮ್ಯಾಲ ಮನಿಗೆ ಬಾ."

ಮಗ ಕಂಬ ಬಿಟ್ಟು ಗಾಡಿಯ ಕೀಲಿ ತೆಗೆದುಕೊಂಡ. ಹುಡುಗಿ ಆಯಿಯ ಕೊರಳಿಗೆ ಬಿದ್ದಳು. ನಾನು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡೆ. ನನ್ನ ಅಷ್ಟು ವರ್ಷದ ಪಾಠ ಮಾಡದ ಕೆಲಸವನ್ನು ಒಂದು ಹಿಡಿ ಶೇಂಗಾ ಮಾಡಿತ್ತು.

ಮುಂದಿನ ಶ್ರಾವಣ ಬಂತು. ಸೋಮವಾರ ಆಯಿಯ ಅಡುಗೆಮನೆಯಿಂದ ಶೇಂಗಾ ಹುರಿಯುವ ವಾಸನೆ! ನಾನು ಓಡಿ ಹೋಗಿ ನೋಡಿದೆ. ಖಿಚಡಿಯ ಮೇಲೆ ಶೇಂಗಾ ಪುಡಿ ಬೀಳುತ್ತಿತ್ತು.

"ಆಯಿ, ಇದು ಕಾಳಲ್ರೀ?"

"ಕೇಸ ನಡದೈತಲ್ರಿ," ಅಂದಳು ಆಯಿ, ಸೌಟು ನಿಲ್ಲಿಸದೆ. "ಹುಡಿಗಿ ನಡಸಾಕತ್ತಾಳ. ತೀರ್ಪು ಬರೂತನ ಮೊದಲಿನಂಗ ನಡೀಬೇಕು. ಸ್ಟೇ ಐತಿ."

ಕೋರ್ಟಿನ ಕಾಯಿದೆ ಆಯಿಗೆ ಬಾಯಿಪಾಠ. ಭಾವನ ಮಕ್ಕಳ ಜೊತೆ ಹೊಲದ ಗಡಿಯ ಒಂದು ಬಾಂದಿನ ಕೇಸು ಆಕೆ ಸೊಸೆಯಾಗಿ ಬಂದಾಗಿನಿಂದ ನಡೆದಿತ್ತು. ಆ ಬಾಂದಿನ ಮೇಲಿನ ಬೇವಿನ ನೆರಳಲ್ಲಿ ಸ್ಟೇ ಇದ್ದಷ್ಟು ದಿನ ಎರಡೂ ಕಡೆಯವರು ಬುತ್ತಿ ಉಣ್ಣುತ್ತಿದ್ದರು. ಸ್ಟೇ ಎಂಬ ಮಾತು ಓಣಿಗೆ ಹರಡಿದ ದಿನವೇ ಕಿರಾಣಿ ಅಂಗಡಿಯವರು ಚೀಲ ಬಿಚ್ಚಿದರು.

ಹುಡುಗಿ ಜತ್ತದಲ್ಲಿ ಹನ್ನೆರಡನೆಯದು ಮುಗಿಸಿದಳು, ಸಾಂಗಲಿಯಲ್ಲಿ ಪದವಿ ಮುಗಿಸಿದಳು, ಕೊಲ್ಲಾಪುರದಲ್ಲಿ ಸಸ್ಯಶಾಸ್ತ್ರದ ಎಂಎಸ್ಸಿ ಮಾಡಿದಳು. ಫೋನು ಬಂದಾಗಲೆಲ್ಲ ಆಯಿ ಆರೋಗ್ಯ ಕೇಳುವ ಮೊದಲು, "ಕೇಸ ಎಲ್ಲಿಗೆ ಬಂತು?" ಎಂದು ಕೇಳುವಳು. ಅವಳು, "ತಾರೀಖು ಕೊಟ್ಟಾರ ಆಯಿ," ಅನ್ನುವಳು. ಇಬ್ಬರೂ ನಗುತ್ತಿರಲಿಲ್ಲ. ನಾನು ನಿವೃತ್ತಳಾಗಿ ಜತ್ತ ಪೇಟೆಗೆ ಬಂದೆ. ಆದರೂ ಶ್ರಾವಣದ ಒಂದು ಸೋಮವಾರ ಆ ಪಡಸಾಲೆಯಲ್ಲಿ ಕೂಡದಿದ್ದರೆ ನನಗೆ ವರ್ಷ ಮುಗಿದಂತೆ ಅನಿಸುವುದಿಲ್ಲ.

ಈ ಸಲ ಹೋದಾಗ ಹುಡುಗಿಯೂ ಬಂದಿದ್ದಳು. ಮನೆಯಲ್ಲಿ ಗುಸುಗುಸು ನಡೆದಿತ್ತು. ಸಾಕಿಷ್ಟು ಓದು, ಒಳ್ಳೆಯ ಸಂಬಂಧ ಬಂದಿದೆ ಎಂದು ನೆಂಟರು ಮಗನ ಕಿವಿ ಕಚ್ಚಿದ್ದರು. ಹುಡುಗಿಗೆ ಇನ್ನೂ ಮುಂದೆ ಸಂಶೋಧನೆ ಮಾಡುವ ಆಸೆ. ಮಗ ತಾಯಿಯ ಮುಖ ನೋಡುತ್ತಿದ್ದ. ಆಯಿಗೆ ಈಗ ಕಣ್ಣು ಮಂಜು, ಆದರೂ ತಾನೇ ಒರಳಲ್ಲಿ ಶೇಂಗಾ ಕುಟ್ಟುತ್ತಿದ್ದಳು.

ಹುಡುಗಿ ಆಕೆಯ ಹತ್ತಿರ ಕುಳಿತಳು. "ಆಯಿ, ನಿನ್ನ ಮುಂದ ಸುಳ್ಳ ಹೇಳಾಕ ಇನ್ನ ಆಗಂಗಿಲ್ಲ. ಎಲ್ಲಾ ಓದಿ ನೋಡೀನಿ. ಹೂವು, ಕಾಯಿ, ಬೀಜ, ಬೇರು, ಎಲ್ಲಾ ಗುರುತು ಪಕ್ಕಾ ಅದಾವು. ಶೇಂಗಾ ಆ ಕುಲ ಬಿಟ್ಟು ಬರಂಗಿಲ್ಲ. ಕೇಸ ಸೋತೀನಿ."

ಮಗ ಹತ್ತಿರ ಸರಿದು ಕುಳಿತ. "ಹಂಗಾದ್ರ ಅವ್ವಾ, ಕೇಸ ಮುಗೀತು. ಆ ಸಂಬಂಧದವ್ರಿಗೆ..."

ಆಯಿ ಒನಕೆ ನಿಲ್ಲಿಸಿದಳು. "ಯಾರ ಹೇಳಿದ್ರು ಮುಗೀತಂತ? ಇದು ಕೆಳಗಿನ ಕೋರ್ಟ. ಮ್ಯಾಲಿನ ಕೋರ್ಟ ಯಾಕ ಮಾಡ್ಯಾರ?" ಎಂದು ಮೊಮ್ಮಗಳ ಬೆನ್ನು ತಟ್ಟಿದಳು. "ಅಪೀಲ ಹಾಕು. ಮುಂದಿಂದು ಓದು. ಎಷ್ಟ ವರ್ಷ ಹಿಡದ್ರೂ ಹಿಡೀಲಿ."

ಆಮೇಲೆ ಒಂದು ತಾಟಿನ ತುಂಬ ಖಿಚಡಿ ಬಡಿಸಿ, ಮೇಲೆ ಎರಡು ಹಿಡಿ ಶೇಂಗಾ ಪುಡಿ ಸುರಿದು ನನ್ನ ಮುಂದೆ ಸರಿಸಿದಳು.

"ಉಣ್ರಿ ಅಕ್ಕೋರ. ಸ್ಟೇ ಇನ್ನೂ ಎದ್ದಿಲ್ಲ."